ಟಿವಿಗೆ ಎರಚಿದ ಚಹಾ

ಲಾಜಿನ ಕೋಣೆಗೆ ಕಾಲಿಟ್ಟ ಕೂಡಲೇ ಶಿವಕುಮಾರಿ ಮಾಡುವ ಮೊದಲ ಕೆಲಸ ದೀಪ ಆರಿಸುವುದು. ಹೊಸ ಗಿರಾಕಿಗಳು ಇದನ್ನು ಬೇರೆ ಅರ್ಥದಲ್ಲಿ ತಿಳಿದುಕೊಂಡು ಹತ್ತಿರ ಬರುತ್ತಿದ್ದರು. ಅವಳು ಅವರನ್ನು ಬದಿಗೆ ಸರಿಸಿ, ಪರದೆ ಎಳೆದು, ಮೊಬೈಲಿನ ಟಾರ್ಚು ಹಚ್ಚಿ, ಅಕ್ಕಿಯಲ್ಲಿ ಕಲ್ಲು ಹುಡುಕುವವರ ಹಾಗೆ ಕೋಣೆಯನ್ನೆಲ್ಲ ಹುಡುಕುತ್ತಿದ್ದಳು. ಎಸಿಯ ಸಂದು, ಗೋಡೆಯ ಗಡಿಯಾರ, ಚಾರ್ಜರಿನ ಪ್ಲಗ್ಗು, ಸೆಟ್‌ಟಾಪ್ ಬಾಕ್ಸು, ಬಾತ್‌ರೂಮಿನ ಗೀಸರಿನ ಮಗ್ಗುಲು. ಎಲ್ಲಿಯಾದರೂ ಸಾಸಿವೆಯಷ್ಟು ಗಾಜು ಮಿಣುಕ್ಕೆಂದರೆ ಸಾಕು, ಬ್ಯಾಗು ಹೆಗಲಿಗೇರಿಸಿ ಹೊರಟುಬಿಡುವಳು. ಹಾಗೆ ಹೊರಟದ್ದೂ ಉಂಟು.

ಆ ಭಾನುವಾರ ಮಧ್ಯಾಹ್ನ ಅಂಧೇರಿಯ ಲಾಜಿನಲ್ಲಿ ಅವಳ ಜೊತೆಗಿದ್ದವನು ಅನಿಲ. ಹಳೆಯ ಗಿರಾಕಿ. ಪರೇಲಿನ ಆಸ್ಪತ್ರೆಯೊಂದರಲ್ಲಿ ಬಿಲ್ಲಿಂಗ್ ನೋಡಿಕೊಳ್ಳುವವನು, ಐವತ್ತರ ಹತ್ತಿರದವನು, ಅವಳಿಗಿಂತಲೂ ಪುಕ್ಕಲ. ಅವನ ಅಜ್ಜ ಕನ್ನಡನಾಡಿನಿಂದ ಗಿರಣಿಗೆ ಬಂದವನಂತೆ. ಮೊಮ್ಮಗನ ನಾಲಿಗೆಯಲ್ಲಿ ಅಜ್ಜನ ಭಾಷೆ ಅರ್ಧಂಬರ್ಧ ಉಳಿದಿತ್ತು.

"ಏನೂ ಇಲ್ಲಾ ನಾ? ಪಕ್ಕಾ ನೋಡಿದ್ರಿ?"

"ಪಕ್ಕಾ ನೋಡೀನ್ರಿ. ಮಾಸ್ಕ್ ತಗೀರಿ ಇನ್ನ."

ಮುಂಬೈಯಲ್ಲಿ ಈಗಲೂ ಮಾಸ್ಕು ಬಿಡದೆ ಇರುವವರು ಎರಡು ಜಾತಿ, ಒಂದು ಕೆಮ್ಮಿನವರು, ಇನ್ನೊಂದು ಲಾಜಿಗೆ ಬರುವವರು ಎಂದು ಅವಳು ಅವನನ್ನು ಚೇಷ್ಟೆ ಮಾಡುತ್ತಿದ್ದಳು. ಅನಿಲ ನಗುತ್ತಿರಲಿಲ್ಲ. "ನೀವು ನಕ್ಕುಬಿಡ್ತೀರಿ. ನನ್ನ ಆಧಾರ್ ಕೆಳಗೆ ಕೌಂಟರ್ ಮೇಲೆ ಇದೆ. ಝೆರಾಕ್ಸ್ ಯಾರ್ಯಾರ ಕೈಗೆ ಹೋಗ್ತದೋ, ಕ್ಯಾ ಮಾಲೂಮ್," ಎನ್ನುತ್ತಿದ್ದ.

ಅವನಿಗೆ ಏನು ಹೆದರಿಕೆಯೋ ಅವಳಿಗೂ ಅದೇ ಹೆದರಿಕೆ. ಅವನಿಗೆ ಮನೆಯಲ್ಲಿ ಹೆಂಡತಿ, ಇವಳಿಗೆ ಕಾಂದಿವಲಿಯ ಚಾಳಿನಲ್ಲಿ ತಾಯಿ ಸುಂದ್ರವ್ವ. ಮಗಳು ಮನೆಮನೆಗೆ ಹೋಗಿ ಫೇಶಿಯಲ್ಲು, ವ್ಯಾಕ್ಸಿಂಗು ಮಾಡುತ್ತಾಳೆಂದು ಸುಂದ್ರವ್ವ ತಿಳಿದಿದ್ದಳು. ಅದು ಪೂರ್ತಿ ಸುಳ್ಳೂ ಅಲ್ಲ. ಶಿವಕುಮಾರಿಯ ಬ್ಯಾಗಿನಲ್ಲಿ ವ್ಯಾಕ್ಸಿನ ಡಬ್ಬಿ ಯಾವಾಗಲೂ ಇರುತ್ತಿತ್ತು, ವಾರಕ್ಕೊಮ್ಮೆ ಅದರ ಮುಚ್ಚಳವೂ ತೆರೆಯುತ್ತಿತ್ತು. ಪಾರ್ಲರಿನಿಂದ ಈ ದಾರಿಗೆ ಹೇಗೆ ಬಂದೆ ಎಂದು ಕೇಳುವವರಿಗೆ ಕೊಡಲು ಅವಳ ಬಳಿ ಕಣ್ಣೀರಿನ ಕಥೆಯೊಂದು ಇರಲಿಲ್ಲ. ಬಂದಿದ್ದಳು, ಮೂವತ್ತು ದಾಟಿತ್ತು, ತಾಯಿಯ ಸಕ್ಕರೆ ಕಾಯಿಲೆ ಹದ್ದುಬಸ್ತಿನಲ್ಲಿತ್ತು. ತಾಯಿಗೆ ಗೊತ್ತಾಗಬಾರದು, ಅಷ್ಟೇ. ಗೊತ್ತಾದರೆ ಸುಂದ್ರವ್ವ ಬಯ್ಯುವವಳಲ್ಲ, ಹೊಡೆಯುವವಳೂ ಅಲ್ಲ. ಮಗಳು ತಂದ ಅನ್ನವನ್ನು ಬಿಟ್ಟುಬಿಡುವಳು.

ಅಂಧೇರಿಯನ್ನು ಆರಿಸಿಕೊಂಡದ್ದೂ ಅದಕ್ಕೇ. ಅವರ ಊರಿನವರೆಲ್ಲ ಭಾಯಂದರ್ ಕಡೆಯ ಬಿಲ್ಡಿಂಗ್ ಕೆಲಸಕ್ಕೆ ಹೋಗುತ್ತಿದ್ದರು, ಇತ್ತ ಸುಳಿಯುತ್ತಿರಲಿಲ್ಲ. ಮತ್ತೆ ಈ ಲಾಜಿನಲ್ಲಿ ನೀಲಾವತಿ ಇದ್ದಳು. ಕೆಳಗೆ ಇಡ್ಲಿ ದೋಸೆಯ ಹೋಟೆಲು, ಮೇಲೆ ಎರಡು ಮಾಳಿಗೆ ಕೋಣೆಗಳು. ಯಜಮಾನ ಸುಕೇಶ್, ಅವನ ಹೆಂಡತಿ ನೀಲಾವತಿ, ಉಡುಪಿ ಕಡೆಯವರು. ಲಾಜಿಗೆ ಮಗ್ಗುಲಿನ ಗಲ್ಲಿಯಿಂದಲೇ ಬೇರೆ ಮೆಟ್ಟಿಲು. ಅಲ್ಲಿ ನೀಲಾವತಿಯೇ ಕೀಲಿಕೈ ಕೊಡುವಳು. ಕೊಡುವಾಗ ಮೇಲಿಂದ ಕೆಳಗೆ ಅಳೆಯುವ ಕಣ್ಣು ಅವಳದಲ್ಲ. "ಬಿಸಿಲು ಜೋರಲ್ಲ ಮಾರಾಯ್ತಿ, ಮಜ್ಜಿಗೆ ಕಳಿಸಲಾ?" ಎಂದು ಕೇಳುವಳು, ಮಜ್ಜಿಗೆ ಕಳಿಸುವಳು. ಈ ಊರಿನ ಎಷ್ಟೋ ಲಾಜುಗಳ ಎಷ್ಟೋ ಕೌಂಟರುಗಳನ್ನು ಕಂಡಿದ್ದ ಶಿವಕುಮಾರಿಗೆ ಆ ಒಂದು ಲೋಟ ಮಜ್ಜಿಗೆ ದೊಡ್ಡದಾಗಿತ್ತು.

ಅನಿಲ ಮಾಸ್ಕು ಏರಿಸಿಕೊಂಡು ಮೊದಲು ಹೊರಟ. ಸ್ವಲ್ಪ ಹೊತ್ತು ಬಿಟ್ಟು ಅವಳು ಹೊರಟಳು. ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. ತುದಿಯ ಗೋಡೆಗೆ ಕ್ಯಾಮೆರಾ ಇತ್ತು, ಹಿಂದಿನದಕ್ಕಿಂತ ಹೊಸದು, ಬಿಳಿ ಗುಂಡು. ಅದರ ಕೆಳಗೆ 'ನೀವು ಕ್ಯಾಮೆರಾ ಕಣ್ಣಲ್ಲಿದ್ದೀರಿ' ಎಂಬ ಅರ್ಥದ ಮರಾಠಿ ಬೋರ್ಡು. ಬಚ್ಚಿಟ್ಟ ಕ್ಯಾಮೆರಾಗಳಿಗಾಗಿ ಜೀವ ಹಿಂಡಿಕೊಳ್ಳುತ್ತಿದ್ದ ಅವಳು ಎದುರಿಗೇ ತೂಗುತ್ತಿದ್ದ ಇದಕ್ಕೆ ಎಂದೂ ತಲೆ ಕೆಡಿಸಿಕೊಂಡವಳಲ್ಲ. ಅದು ಕಳ್ಳರಿಗೆ ತಾನೆ? ಅದರ ಕಣ್ಣು ಒಳಗೆ ನೀಲಾವತಿಯ ಮೇಜಿನ ಹತ್ತಿರ ಮುಗಿಯುತ್ತದೆ ಎಂದುಕೊಂಡಿದ್ದಳು. ಕ್ಯಾಮೆರಾದ ನೇರ ಕೆಳಗಿದ್ದ ಕನ್ನಡಿಯ ಮುಂದೆ ನಿಂತು, ಮುಖ ಎತ್ತಿ, ಹಣೆಯ ಟಿಕಲಿ ಸರಿ ಮಾಡಿಕೊಂಡಳು.

ಆಗ ಕೆಳಗಿನ ಹೋಟೆಲಿನಿಂದ ಏನೋ ಧಡಾರನೆ ಬಿದ್ದ ಸದ್ದು ಕೇಳಿತು. ಅದರ ಬೆನ್ನಿಗೇ ಪಾತ್ರೆ ಉರುಳಿದ್ದು, ಹತ್ತಾರು ಜನರ ಗದ್ದಲ. ಗದ್ದಲದ ಮೇಲೆ ತೇಲಿ ಬಂತು ಒಂದು ಧ್ವನಿ:

"ಏ ಶೇಠಾ! ಚಹಾದಾಗ ಝಿರಳಿ ಹಾಕಿ ಕುಡಿಸ್ತೀಯೇನಲೇ? ನಾವು ಮನುಷ್ಯಾರಲ್ಲೇನು?"

ಶಿವಕುಮಾರಿಯ ಕೈ ಹಣೆಯ ಮೇಲೆಯೇ ನಿಂತಿತು. ಆ ಧ್ವನಿಯನ್ನು ಅವಳು ತೊಟ್ಟಿಲಿನಿಂದ ಬಲ್ಲಳು. ಸಾಯಬಣ್ಣ ಮಾಮಾ. ತಾಯಿಯ ಒಡಹುಟ್ಟಿದ ತಮ್ಮ, ಟೈಲ್ಸ್ ಮಿಸ್ತ್ರಿ, ಕಾಂದಿವಲಿಯಲ್ಲಿ ಅವರದೇ ಚಾಳಿನ ಹಿಂದಿನ ಸಾಲಿನವನು. ಭಾಯಂದರಿನಲ್ಲಿ ಇರಬೇಕಾದವನು ಇಲ್ಲೇಕೆ?

ಓಡಬೇಕೋ ಕೋಣೆಗೆ ಹಿಂತಿರುಗಬೇಕೋ ತಿಳಿಯದೆ ನಿಂತಿದ್ದಾಗ ಹಿಂಬದಿಯ ಮೆಟ್ಟಿಲಿಂದ ನೀಲಾವತಿ ಏದುಸಿರು ಬಿಡುತ್ತ ಬಂದಳು. ಬಂದವಳೇ ಶಿವಕುಮಾರಿಯ ರಟ್ಟೆ ಹಿಡಿದು, ಚಾದರ ದಿಂಬು ಪೇರಿಸಿಟ್ಟ ಚಿಕ್ಕ ಕೋಣೆಯೊಳಗೆ ಎಳೆದುಕೊಂಡಳು.

"ನೀವು ಈಗ ಕೆಳಗೆ ಇಳಿಯುವುದು ಬೇಡ. ಅಯ್ಯೋ ದೇವರೇ, ಎಂತ ಹೇಳುವುದು ನಿಮಗೆ."

"ಏನಾತ್ರಿ ನೀಲಕ್ಕ?"

"ನಮ್ಮವರ ಬುದ್ಧಿ ನೋಡಿ. ಕಳೆದ ವಾರ ಹೊಸ ಕ್ಯಾಮೆರಾ ಹಾಕಿಸಿದ್ರು. ಹೋಟೆಲಿನ ಗೋಡೆಗೆ ದೊಡ್ಡ ಟಿವಿ, ಗಿರಾಕಿಗಳಿಗೂ ಕಾಣಲಿ, ಆಗ ಯಾರೂ ಚಮಚ ಕದಿಯುವುದಿಲ್ಲ ಅಂತ. ಇವತ್ತು ಅದರಲ್ಲೇ ಮ್ಯಾಚ್ ಹಾಕಿದ್ದರು. ನೆಟ್ ಹೋದರೆ ಮ್ಯಾಚ್ ಹೋಗ್ತದೆ, ಕ್ಯಾಮೆರಾ ಬರ್ತದೆ. ಅದೂ ಎಂತದು, ಎಲ್ಲಿ ಯಾರು ನಡೆದಾಡ್ತಾರೋ ಅವರನ್ನೇ ಟಿವಿ ತುಂಬ ದೊಡ್ಡದು ಮಾಡಿ ತೋರಿಸ್ತದೆ! ನಾನು ಈಚೆ ಬದಿಯಲ್ಲಿದ್ದವಳು, ನನಗೆ ಗೊತ್ತೇ ಇಲ್ಲ ಮಾರಾಯ್ತಿ."

"ನಾ... ಟಿವ್ಯಾಗ ಬಂದ್ನೇನ್ರಿ?"

"ಬಂದಿರಿ ಅಂತ ಕಾಣ್ತದೆ. ಆದರೆ ಒಂದು ಗಳಿಗೆ ಅಷ್ಟೇ. ಅಷ್ಟರಲ್ಲಿ ಆ ಮುದುಕ, ನಿಮ್ಮ ಕಡೆಯವನೇ, ತಲೆಗೆ ಟವೆಲು ಸುತ್ತಿದವ, ವೇಟರನ ಕೈಯಿಂದ ಚಹಾದ ಕಿಟ್ಲಿ ಕಿತ್ತುಕೊಂಡು ಟಿವಿಗೇ ಬೀಸಿದ. ಟಿವಿ ಢಂ. ಮರ್ಲು ಹಿಡಿದಿದೆಯೋ ಎಂತದೋ. ಕುಡಿದ ಹಾಗೂ ಕಾಣುವುದಿಲ್ಲ."

"ಅವರು ಏನಾರ... ಹೆಸರು ಹಿಡಿದು..."

"ಜಿರಳೆ ಅಂತ ಬೊಬ್ಬೆ ಹೊಡೀತಾನೆ. ನಮ್ಮ ಹೋಟೆಲಿನಲ್ಲಿ ಜಿರಳೆಯಾ! ನಾಳೆ ಬಂದು ನೋಡಲಿ ಅಡುಗೆಮನೆ." ಸಿಟ್ಟಿನ ನಡುವೆಯೂ ನೀಲಾವತಿಗೆ ಇವಳ ಮುಖ ಕಂಡಿತು. ದನಿ ಇಳಿಸಿದಳು. "ನಿಮಗೆ ಅವ ಗುರ್ತವಾ?"

ಶಿವಕುಮಾರಿ ಬಾಗಿಲ ಸಂದಿನಿಂದ ಕಾರಿಡಾರಿನ ಕಡೆ ಇಣುಕಿದಳು. ನೀಲಾವತಿ ಇನ್ನೊಮ್ಮೆ ಕೇಳಲಿಲ್ಲ. ತನ್ನ ದುಪ್ಪಟ್ಟಾ ತೆಗೆದು ಅವಳ ತಲೆಗೆ ಹೊದಿಸಿ, ಅಡುಗೆಮನೆಯ ಹಿಂದಿನ ಬಾಗಿಲಿಂದ ಗಲ್ಲಿಗೆ ದಾಟಿಸಿ, ರಿಕ್ಷಾ ಕರೆದು ಹತ್ತಿಸಿದಳು. "ದುಪ್ಪಟ್ಟಾ ಯಾವಾಗಾದರೂ ಕೊಡಿ," ಎಂದಳು.

ಬೊರಿವಲಿ ಲೋಕಲ್ಲಿನ ಹೆಂಗಸರ ಡಬ್ಬಿಯಲ್ಲಿ ಕಿಟಕಿಯ ಬದಿ ಜಾಗ ಸಿಕ್ಕಿತು. ಸಿಕ್ಕದೆ ಇದ್ದಿದ್ದರೇ ಚೆನ್ನಾಗಿತ್ತು. ನೂಕುನುಗ್ಗಲಿನಲ್ಲಿ ಯೋಚನೆಗೆ ಜಾಗವಿರುವುದಿಲ್ಲ. ಮಾಮಾ ನೋಡಿದ್ದಾನೆಯೇ? ನೋಡಿದ್ದಾನೆ, ಇಲ್ಲವಾದರೆ ಕಿಟ್ಲಿ ಯಾಕೆ ಬೀಸುತ್ತಾನೆ? ಸಿಟ್ಟಿಗೇ ಬೀಸಿದ್ದಾನೆ. ಎದುರಿಗೆ ಸಿಕ್ಕಿದ್ದರೆ ತನ್ನ ಮುಖಕ್ಕೇ ಬೀಸುತ್ತಿದ್ದನೇನೋ. ಮಾಮಾನ ಜೊತೆಗೆ ಯಾರ್ಯಾರಿದ್ದರೋ. ಮಾಮಾನ ಜೊತೆಯೇ ಕೆಲಸಕ್ಕೆ ಹೋಗುವ, ಊರಿನವನೇ ಆದ ಗುರುಪಾದ ಇದ್ದರೆ ಮುಗಿಯಿತು. ಗುರುಪಾದನ ಕಿವಿಗೆ ಬಿದ್ದದ್ದು ಊರಿನ ಅಗಸಿಯಲ್ಲಿ ಡಂಗುರ ಸಾರಿದ ಹಾಗೆ. ಇಷ್ಟು ಹೊತ್ತಿಗೆ ಮಾಮಾ ಅವ್ವನ ಮುಂದೆ ಕೂತಿರಬಹುದು. 'ಯಕ್ಕಾ, ನಿನ್ನ ಮಗಳು' ಎಂದು ಶುರು ಮಾಡಿರಬಹುದು.

ಮೊಬೈಲು ಟಿಣ್ ಎಂದಿತು. ಅನಿಲನ ಮೆಸೇಜು. 'ಕೆಳಗೆ ಟಿವಿ ಲಫಡಾ ಆಯ್ತಂತೆ. ನಾನೂ ಬಂದೆನಾ ಅದರಲ್ಲಿ?' ಪುಣ್ಯಾತ್ಮ, ಅವನಿಗೆ ಅವನದು. 'ಮಾಸ್ಕ್ ಇತ್ತಲ್ರಿ' ಎಂದು ಉತ್ತರಿಸಿದಳು.

ಮಲಾಡ್ ದಾಟುವಾಗ ನೀಲಾವತಿಯ ಫೋನು. "ಮುಟ್ಟಿದಿರಾ? ನೋಡಿ, ಇವರ ಹತ್ತಿರ ಗಟ್ಟಿ ಜಗಳ ಮಾಡಿದೆ. ನಂಬಿ ಬಂದವರ ಮುಖ ಇಡ್ಲಿ ತಿನ್ನುವವರಿಗೆಲ್ಲ ಯಾಕೆ ತೋರಿಸುವುದು ಅಂತ ಕೇಳಿದೆ. ಇನ್ನು ಹೊಸ ಟಿವಿ ಬಂದರೂ ಒಳಗೆ ನನ್ನ ಮೇಜಿಗೇ ಬರುವುದು. ಇವತ್ತಿನದ್ದನ್ನು ಅಳಿಸಿದ್ದಾರೆ, ನಾನೇ ಹತ್ತಿರ ನಿಂತು ಅಳಿಸಿದ್ದು. ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಆಯ್ತಾ?"

"ಆಯ್ತ್ರಿ ನೀಲಕ್ಕ," ಎಂದಳು ಶಿವಕುಮಾರಿ. ಅಳಿಸಿದ್ದು ಮಷಿನ್ನಿನಿಂದ. ಮಾಮಾನ ಕಣ್ಣಿನಿಂದ ಅಳಿಸುವುದು ಯಾರು?

ಚಾಳಿನ ನಲ್ಲಿಯ ಹತ್ತಿರ ಬರುವಾಗಲೇ ತನ್ನ ಮನೆಯ ಬಾಗಿಲಲ್ಲಿ ಚಪ್ಪಲಿಗಳು ಕಂಡವು. ಒಂದು ಜೊತೆ ಸಿಮೆಂಟು ಮೆತ್ತಿದ್ದು, ಮಾಮಾನದು. ಇನ್ನೊಂದು ಗುರುಪಾದನ ಕೆಂಪು ಪಟ್ಟಿಯದು. ಒಳಗಿನಿಂದ ಗುರುಪಾದನ ಗಂಟಲು ಓಣಿಯ ತುದಿಗೂ ಕೇಳುತ್ತಿತ್ತು. ಆದರೆ ಜೊತೆಗೆ ಕೇಳಿದ್ದು ತಾಯಿಯ ನಗು.

"ಬಾ ಬಾ ಕುಮಾರಿ, ಬರೋಬ್ಬರ್ ಟೈಮಿಗಿ ಬಂದಿ," ಎಂದ ಗುರುಪಾದ. "ನಿನ್ನ ಸ್ವಾದರಮಾಮಾ ಇವತ್ತ ಏನ್ ಮಾಡ್ಯಾನ ಕೇಳು. ಟಿವಿ ಒಡದು ಬಂದಾನ!"

ಸಾಯಬಣ್ಣ ಗೋಡೆಗೆ ಒರಗಿ ಕೂತಿದ್ದ. ಬಲಗೈಗೆ ಟವೆಲು ಸುತ್ತಿಕೊಂಡಿದ್ದ. ಅಕ್ಕನ ಮಗಳನ್ನು ಒಮ್ಮೆ ನೋಡಿ, ದೃಷ್ಟಿ ಬಾಗಿಲ ಕಡೆಗೆ ಹೊರಳಿಸಿದ.

"ನಿಂದ್ರು, ಮದಲಿಂದ ಹೇಳ್ತೀನಿ," ಗುರುಪಾದ ಮಂಡಿ ಮುಂದೆ ಸರಿಸಿದ. "ಈ ವಾರದಿಂದ ನಮ್ಮ ಸೈಟು ಅಂಧೇರಿಗಿ ಬಂದದಲ್ಲ. ಅಲ್ಲೊಂದು ನಮ್ಮ ಕನ್ನಡದವರ ಹೋಟೆಲ್ ಅದ. ಏನ್ ಚಟ್ನಿ ಅಂತಿ! ಎಷ್ಟ್ ಕೇಳಿದ್ರೂ ಹಾಕ್ತಾರ. ಇವತ್ತ ಅರ್ಧಾ ದಿನ ಕೆಲಸ, ನಾಕೂ ಮಂದಿ ಹೋಗಿ ಕುಂತೀವಿ. ಟಿವ್ಯಾಗ ಮ್ಯಾಚ್ ನಡದದ. ನಡು ಮಧ್ಯದಾಗ ಮ್ಯಾಚ್ ಬಂದ್ ಆಗಿ ಏನೋ ಬ್ಯಾರೇನ ಬಂತು. ಒಂದು ಖಾಲಿ ಕಾರಿಡಾರು. ಯಾವಾಕೋ ಹೆಣ್ಮಗಳು ಬಾಗಲಾ ತಗದು ಬಂದ್ಳು..."

ಶಿವಕುಮಾರಿ ಬ್ಯಾಗು ಇಳಿಸದೆ ನಿಂತೇ ಇದ್ದಳು.

"ಹಸ್ರು ಡ್ರೆಸ್ಸು," ಎಂದ ಗುರುಪಾದ, ಕಣ್ಣು ಮೇಲೆ ಮಾಡಿ ನೆನಪಿಸಿಕೊಳ್ಳುತ್ತ. ಅವಳು ನೀಲಾವತಿಯ ದುಪ್ಪಟ್ಟಾವನ್ನು ಎದೆಯ ಮೇಲೆ ಇನ್ನಷ್ಟು ಎಳೆದುಕೊಂಡಳು. "ಅಕಿ ಇತ್ಲಾಗ ಮಕಾ ಮಾಡೂದ್ರಾಗ ಈ ಮಿಸ್ತ್ರಿ ಎದ್ದು ನನ್ನ ಮುಂದೇ ನಿಂತ! ನಾ ಏ ಸರಿಯೋ, ಗಾಜಿಂದ ಮಾಡ್ಯಾರೇನ್ ನಿನ್ನ ಅಂದೆ. ಅನ್ನೂದ್ರಾಗ ಕುದಿಯೂ ಕಿಟ್ಲಿ, ಹಿಡಿ ಬಿಟ್ಟು ಅದರ ಹೊಟ್ಟಿಗೇ ಕೈ ಹಚ್ಚಿ ಹಿಡದಾನ, ಟಿವಿಗಿ ಹೊಡದಾನ. ಮ್ಯಾಲ ಝಿರಳಿ ಝಿರಳಿ ಅಂತ ಕೂಗ್ಯಾಡ್ಯಾನ. ನಾ ಅವನ ಕಪ್ಪಿನಾಗ ಬಗ್ಗಿ ನೋಡೀನಿ ಅತ್ತಿ, ಝಿರಳಿ ಇಲ್ಲ ಏನಿಲ್ಲ. ಯಾಲಕ್ಕಿ ಸಿಪ್ಪಿ!"

ಸುಂದ್ರವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ಏನೋ ಸಾಯಬಾ, ಚಾಳೀಸು ಬಂದದಂತ ಹೇಳಿದ್ರ ಕೇಳವಲ್ಲಿ. ಚಷ್ಮಾ ಹಾಕೋ ತಮ್ಮಾ."

"ಹಾಕ್ತೀನಿ ಯಕ್ಕಾ," ಎಂದ ಸಾಯಬಣ್ಣ.

"ಆ ಹೆಣ್ಮಗಳು ಯಾರಿದ್ಲೋ ಏನೋ," ಗುರುಪಾದ ಬಿಡಲೊಲ್ಲ. "ಎಲ್ಲೋ ನೋಡ್ದಂಗ..."

"ನೀ ಬಸ್ ಸ್ಟ್ಯಾಂಡಿನಾಗ ನಿಂತ ಹೆಣ್ಮಕ್ಕಳಿಗೂ ಎಲ್ಲೋ ನೋಡ್ದಂಗ ಅಂತೀಲೇ," ಸಾಯಬಣ್ಣನ ಮಾತು ಚಾಟಿಯ ಹಾಗೆ ಬಂತು. "ಅದಕ ಹೆಂಡ್ತಿ ಊರಾಗೇ ಕುಂತಾಳ, ಬರವಲ್ಲಳು."

ಸುಂದ್ರವ್ವ ಬಿದ್ದು ಬಿದ್ದು ನಕ್ಕಳು. ಗುರುಪಾದನ ಮುಖ ಕೆಂಪಾಯಿತು. "ಹೌದಪ್ಪಾ, ನಂದೇ ತಪ್ಪು. ನಿನ್ನ ಸಲುವಾಗಿ ಶೇಠನ ಕೈಗಿ ಸಿಗದಂಗ ಓಡಿ ಬಂದೀವಿ, ಆ ಹೋಟೆಲಿಗಿ ನಾವು ಯಾರೂ ಕಾಲಿಡಂಗಿಲ್ಲ ಇನ್ನ. ಚಟ್ನಿ ಹ್ವಾದಂಗೇ," ಎಂದು ಗೊಣಗುತ್ತ ಎದ್ದು ಕೆಂಪು ಪಟ್ಟಿಯ ಚಪ್ಪಲಿ ಮೆಟ್ಟಿ ಹೊರಟ.

ಶಿವಕುಮಾರಿ ಆಗ ಬ್ಯಾಗು ಇಳಿಸಿದಳು. ಸಿಟ್ಟಿಗೆ ಬೀಸಿದ್ದಲ್ಲ. ಮೊದಲು ಎದ್ದು ನಿಂತದ್ದು, ಗುರುಪಾದನಿಗೆ ಅಡ್ಡವಾಗಿ. ಮೈ ಸಾಲದು ಅನ್ನಿಸಿದಾಗ ಕಿಟ್ಲಿಗೆ ಕೈ ಹಾಕಿದ್ದು.

"ಕೈ ತೋರಸು ಮಾಮಾ."

"ಏನಾಗಿಲ್ಲ ಬಿಡವ್ವ."

"ತೋರಸು ಅಂದ್ನಲ್ಲ."

ಅವನನ್ನು ಹೊರಗೆ ಕರೆದುಕೊಂಡು ಹೋಗಿ ಪಡಸಾಲೆಯ ಪೀಪಾಯಿಯ ಪಕ್ಕ ಕೂಡಿಸಿದಳು. ಟವೆಲು ಬಿಚ್ಚಿದರೆ ಅಂಗೈ ಪೂರ್ತಿ ಬೊಬ್ಬೆ ಎದ್ದಿತ್ತು. ಟೈಲ್ಸಿನ ಅಂಚು ಸವರಿ ಸವರಿ ಕಲ್ಲಾದ ಚರ್ಮವೇ ಹೀಗೆ ಉಬ್ಬಿದ್ದರೆ ಆ ಕಿಟ್ಲಿ ಎಷ್ಟು ಕಾದಿತ್ತೋ. ತಂಬಿಗೆಯಿಂದ ಸಣ್ಣಗೆ ನೀರು ಬಿಟ್ಟಳು. ಅವನು ಹಲ್ಲು ಕಚ್ಚಿಕೊಂಡು ಎದುರಿನ ಬಿಲ್ಡಿಂಗಿನ ತುದಿ ನೋಡುತ್ತ ಕೂತ. ನೀರು ಮೋರಿಗೆ ಇಳಿದು ಹೋಗುತ್ತಿತ್ತು. ಅವಳು ತಲೆ ಎತ್ತಲಿಲ್ಲ. ಎತ್ತಿದರೆ ಅಳು ಬರುತ್ತದೆಂದು ಗೊತ್ತಿತ್ತು.

"ನೋಡಿಲ್ಲ ಅಂತ ಸುಳ್ಳ ಹೇಳಂಗಿಲ್ಲ," ಎಂದ ಸಾಯಬಣ್ಣ, ಮೆಲ್ಲಗೆ. "ನೋಡೀನಿ. ನಾ ಎತ್ತಿ ಆಡ್ಸಿದ ಪೋರಿ ಮಕಾ ನನಗ ಗುರ್ತ ಹತ್ತಂಗಿಲ್ಲೇನು."

ಅವಳು ತಂಬಿಗೆಗೆ ಮತ್ತೆ ನೀರು ತುಂಬಿಕೊಂಡಳು.

"ನಾಕು ಮಂದಿ ಕುಂತಿದ್ರು. ನಾಕು ಮಂದ್ಯಾಗ ಒಬ್ಬವ ಗುರ್ಪಾದ. ನನಗ ಏನ್ ಮಾಡ್ಲಿ ತಿಳೀಲಿಲ್ಲ. ಕೈಗಿ ಸಿಕ್ಕಿದ್ದು ಅದು." ಒಂದು ಸಲ ಕೆಮ್ಮಿದ. "ನಾ ಬ್ಯಾರೇನೂ ಕೇಳೂದಿಲ್ಲ ಕುಮಾರಿ. ಕೇಳ್ಲಾಕ ನಾ ಯಾರು? ನಿಮ್ಮಪ್ಪ ಸತ್ತಾಗಿಂದ ಈ ಮನಿಗಿ ದುಡದು ಹಾಕ್ದಾಕಿ ನೀ. ನಾನು ಬರೇ ಮಾಮಾ ಅಂತ ಹೆಸರಿಗಿ. ಒಂದೇ ಹೇಳು. ಅಲ್ಲಿ ನಿನಗ ಯಾರೂ ತ್ರಾಸ ಕೊಡಂಗಿಲ್ಲಲ್ಲ? ಹೊಡಿಯೂದು, ಹೆದ್ರಸೂದು?"

"ಇಲ್ಲ ಮಾಮಾ. ನಾ ನೋಡ್ಕೊಂಡೇ ಇರ್ತೀನಿ."

"ಖರೇನಾ?"

"ಖರೇ. ಆ ಹೋಟೆಲಿನ ಅಕ್ಕ ಛಲೋ ಇದ್ದಾಳ. ಟಿವಿ ತಗಸ್ಯಾಳ."

"ಟಿವಿ ನಾ ತಗಸೀನಿ," ಎಂದ ಸಾಯಬಣ್ಣ. ಅವನ ಮೀಸೆಯಡಿ ನಗುವಿನಂಥದ್ದು ಸುಳಿಯಿತು. ಅವಳಿಗೂ ನಗು ಬಂತು, ಅದರ ಹಿಂದೆಯೇ ತಡೆದಿದ್ದ ಅಳುವೂ ಬಂತು. ಅವನು ಎಡಗೈಯಿಂದ ಅವಳ ತಲೆಯ ಮೇಲೆ ಮೆಲ್ಲಗೆ ಬಡಿದ. "ಅಕ್ಕಗ ಕೇಳಸ್ತದ. ಮಕಾ ತೊಳ್ಕೊ."

ಇನ್ನೊಬ್ಬರಾಗಿದ್ದರೆ ಥ್ಯಾಂಕ್ಸ್ ಎನ್ನಬಹುದಿತ್ತು. ಗಿರಾಕಿಗಳಿಗೆ ಅಂದು ಅಂದು ಅವಳಿಗೆ ಆ ಶಬ್ದ ರೂಢಿಯಾಗಿತ್ತು. ಸೋದರಮಾವನಿಗೆ ಹಾಗೆಂದರೆ ಪರಕೀಯರಿಗೆ ಅಂದಂತೆ. ಅಂಥದ್ದಕ್ಕೆ ಮನೆಯ ಮಾತಿನಲ್ಲಿ ಶಬ್ದವೇ ಇರಲಿಲ್ಲ. ಮುಖ ತೊಳೆದು, ಅವನ ಕೈಗೆ ಮುಲಾಮು ಹಚ್ಚಿ, ಹಳೆಯ ಸೀರೆಯ ಮೆತ್ತನೆ ಚಿಂದಿ ಸುತ್ತಿ, ಒಳಗೆ ಕರೆದುಕೊಂಡು ಬಂದಳು.

ಸುಂದ್ರವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. "ಉಂಡು ಹೋಗು ಸಾಯಬಾ. ಆದರ ಆ ಕೈಲಿ ಹ್ಯಾಂಗ ಮುರೀತಿ ರೊಟ್ಟಿ?"

"ಸರಿಯವ್ವಾ, ನಾ ಮಾಡ್ತೀನಿ," ಎಂದಳು ಶಿವಕುಮಾರಿ.

ಒಲೆಯಿಂದ ಇಳಿದ ಬಿಸಿ ರೊಟ್ಟಿಯನ್ನೇ ಒರಳಿಗೆ ಮುರಿದು ಹಾಕಿದಳು. ಬೆಳ್ಳುಳ್ಳಿ, ಕೆಂಪು ಖಾರ, ಮೇಲೆ ಶೇಂಗಾ ಎಣ್ಣೆ. ಬೆರಳು ಸುಟ್ಟರೂ ಬಿಡದೆ ಕುಟ್ಟಿ, ಮುಷ್ಟಿಯಲ್ಲಿ ಒತ್ತಿ ಒತ್ತಿ ಮುಟಗಿ ಕಟ್ಟಿದಳು. ಬೆಳ್ಳುಳ್ಳಿಯ ವಾಸನೆ ಆ ಒಂದೇ ಕೋಣೆಯ ಮನೆಯನ್ನು ತುಂಬಿ ಹೊರಗಿನ ಓಣಿಗೂ ಹೋಯಿತು. ತಟ್ಟೆಯಲ್ಲಿಟ್ಟು ಮುಂದೆ ತಂದರೆ ಸಾಯಬಣ್ಣ ತನ್ನ ಎಡಗೈ ನೋಡಿಕೊಂಡ. ಎಡಗೈಲಿ ಉಣ್ಣುವವನಲ್ಲ ಅವನು.

ಶಿವಕುಮಾರಿ ಎದುರಿಗೆ ಕೂತು, ಒಂದು ತುಣುಕು ಮುರಿದು, ಅವನ ಬಾಯಿಯ ಹತ್ತಿರ ಹಿಡಿದಳು.

"ಏ, ಕೂಸೇನ್ ನಾ?"

"ಬಾಯಿ ತಗಿ ಮಾಮಾ."

"ನೋಡಿದೇನ ಯಕ್ಕಾ ನಿನ್ನ ಮಗಳಿಂದು."

"ಮಾಡಿಸ್ಕೊ," ಎಂದಳು ಸುಂದ್ರವ್ವ, ಹಿಟ್ಟಿನ ಕೈ ಒರೆಸಿಕೊಳ್ಳುತ್ತ. "ನನಗ ಜ್ವರ ಬಂದಾಗ ಒಂದು ತುತ್ತು ಹಾಕಿಲ್ಲ ಈಕಿ. ನಿಂದು ಪುಣ್ಯಾ ಛಲೋ ಅದ. ಏನ್ ಮಾಡ್ದೆಪ್ಪಾ ಇಂಥಾದು?"

ಸಾಯಬಣ್ಣ ಬಾಯಿ ತೆರೆದ. ಅಗಿದ, ನುಂಗಿದ, ಕಣ್ಣಂಚು ಒದ್ದೆಯಾಯಿತು. ಖಾರಕ್ಕೆ ಇರಬೇಕೆಂದು ಸುಂದ್ರವ್ವ ನೀರಿನ ತಂಬಿಗೆ ಸರಿಸಿದಳು.

"ಉಪ್ಪು ಹಾಕೀಯೇನು ಪೋರಿ?" ಎಂದ ಅವನು.

ಶಿವಕುಮಾರಿ ಹಾಕಿರಲಿಲ್ಲ. ನಗುತ್ತ ಎದ್ದು ಉಪ್ಪಿನ ಡಬ್ಬಿಗೆ ಕೈ ಚಾಚಿದಳು.